ಅಟ್ಟಿಯ ಮೇಲಿನ ನಿಂಬೆಹಣ್ಣು

ಆ ಮನುಷ್ಯನ ಸಹವಾಸಕ್ಕೆ ನಾನು ತೆತ್ತದ್ದು ಗೋಡೆ ಕಟ್ಟುವ ಹನ್ನೊಂದು ಸಾವಿರ ಬ್ಲಾಕು. ಮೂಲೆ ಮುಕ್ಕಾಗದ, ಒಂದಕ್ಕೊಂದು ತಾಗಿಸಿದರೆ ಕಂಚಿನ ಹಾಗೆ ಠಣ್ ಅನ್ನುತ್ತಿದ್ದ ಬ್ಲಾಕುಗಳು. ಅಷ್ಟನ್ನೂ ನಾನೇ ಮುಂದೆ ನಿಂತು ಕುಟ್ಟಿಸಿ ಪುಡಿ ಮಾಡಿಸಿದೆ. ಯಾಕೆಂದರೆ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ನಡೆದ ಒಂದು ಪಾಯ ಪೂಜೆಯಲ್ಲಿ, ಬಂದ ಬೀಗರು ನೆಂಟರೆಲ್ಲರ ಎದುರಿಗೆ, ಆ ಮನುಷ್ಯ ಒಂದು ಮಾತು ಆಡಿದರು. ನನ್ನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಹೇಳಿದ್ದರೂ ಬ್ಲಾಕು ಹೋಗುತ್ತಿದ್ದವು, ಮಾನ ಉಳಿಯುತ್ತಿತ್ತು. ಅವರು ಎರಡನ್ನೂ ಉಳಿಸಲಿಲ್ಲ.

ಅವರು ಹೋದ ತಿಂಗಳು ತೀರಿಕೊಂಡರು. ಅವರ ಹತ್ತಿರ ಟ್ಯೂಷನ್ ಓದಿದವರೆಲ್ಲ ಸೇರಿ ನೆನಪಿನ ಪುಸ್ತಕ ತರುತ್ತಾರಂತೆ. ನನ್ನ ಯಾರ್ಡಿಗೆ ಇಬ್ಬರು ಬಂದು, “ನೀವೂ ಬರೀರಿ ಯಜಮಾನ್ರೆ, ನಾಕು ವರ್ಷ ಜೊತೆಗಿದ್ದೋರು” ಅಂದರು.

“ಒಳ್ಳೇದು ಬರಿಯಾಕ ನಂಗೆ ಬರಲ್ರಪ್ಪ.”

“ಹೆಂಗ್ ಬರ್ತೈತೋ ಹಂಗೇ ಬರೀರಿ.”

ಬರೆದಿದ್ದೇನೆ. ಅಚ್ಚು ಹಾಕುವುದು ಬಿಡುವುದು ಅವರ ಇಷ್ಟ.

ನನ್ನದು ಮೊದಲು ಹೇಳಿಬಿಡುತ್ತೇನೆ. ಊರು ಕುಕ್ಕುವಾಡ. ಬೂದಿ ಲಾರಿಗೆ ಹಮಾಲಿಯಾಗಿ ಸೇರಿದವನು, ಆಮೇಲೆ ಅದೇ ಬೂದಿಯಿಂದ ಹರಿಹರದ ಹೊರಗೆ ಬ್ಲಾಕು ಯಾರ್ಡು ಮಾಡಿಕೊಂಡವನು. ಅಕ್ಕಿ ಗಿರಣಿಯವರು, ಮಂಡಕ್ಕಿ ಭಟ್ಟಿಯವರು ಹೊಟ್ಟು ಉರಿಸಿ ಬೂದಿಯನ್ನು ಎಲ್ಲಿ ಸುರಿಯೋದು ಅಂತ ತಲೆ ಕೆರೆದುಕೊಳ್ಳುತ್ತಿದ್ದರು. ನಾನು ಹೋಗಿ “ನಾ ತಗೊಂಡು ಹೋಗ್ತೀನ್ರಿ, ಲಾರಿ ಬಾಡಿಗೆ ನೀವು ಕೊಡ್ರಿ” ಅಂದೆ. ಅವರ ಕಸ ಎತ್ತಿದ್ದಕ್ಕೆ ಅವರಿಂದಲೇ ಬಾಡಿಗೆ. ಚೌಕಾಸಿ ಅಂದರೆ ಅದು. ಯಾರಾದರೂ ನಿಮ್ಮ ಮುಂದೆ ‘ಇದು ವೇಸ್ಟು’ ಅಂದ ತಕ್ಷಣ ಅದಕ್ಕೆ ರೇಟು ಕೇಳಬೇಡಿ, ಅದನ್ನು ತೆಗೆಯಲು ಎಷ್ಟು ಕೊಡುತ್ತೀರಿ ಅಂತ ಕೇಳಿ.

ಈ ಮಾತನ್ನು ಆ ಮನುಷ್ಯರಿಗೂ ಒಮ್ಮೆ ಹೆಮ್ಮೆಯಿಂದ ಹೇಳಿದ್ದೆ. ನನ್ನ ಹಣೆಯ ವಿಭೂತಿ ನೋಡಿ, “ನಿಂಗೆ ಬೂದಿ ಹಣೆಗೂ ಬೇಕು, ಹೊಟ್ಟೆಗೂ ಬೇಕು. ಶಿವನಿಗಿಂತ ದೊಡ್ಡೋನು ಬಿಡಪ್ಪ” ಅಂದರು. ಲೋಡಿಂಗಿನ ಹೆಂಗಸರು ನಕ್ಕರು. ನಾನೂ ನಕ್ಕೆ. ಮನಸ್ಸಿನಲ್ಲಿ ಗಂಟು ಹಾಕಿಟ್ಟುಕೊಂಡೆ.

ಅವರು ಹರಿಹರದ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ದುಡಿದು ರಿಟೈರಾದವರು. ಮನೆ ದಾವಣಗೆರೆಯ ಸರಸ್ವತಿ ನಗರ, ಸಂಜೆ ಅಲ್ಲೇ ಮಕ್ಕಳಿಗೆ ಟ್ಯೂಷನ್. ರಿಟೈರಾದ ಮೇಲೆ ಮನೆಯಲ್ಲಿ ಕೂರುವುದು ಬಿಟ್ಟು ದಿನಾ ಬಸ್ಸು ಹತ್ತಿ ಹರಿಹರಕ್ಕೆ ಬರುತ್ತಿದ್ದರು. ಎಲ್ಲರಿಗೂ ಅವರು ‘ಲ್ಯಾಬ್ ಸರ್’. ಕುಳ್ಳನೆಯ ಆಳು, ತುಂಬು ತೋಳಿನ ಬಿಳಿ ಅಂಗಿ, ಆ ಅಂಗಿಯ ತುಂಬ ಆಸಿಡ್ ಹಾರಿ ಆದ ತೂತು. ನನ್ನ ಯಾರ್ಡಿನಲ್ಲಿ ನಾಲ್ಕು ವರ್ಷದಲ್ಲಿ ಒಂದು ಕಪ್ ಚಹಾ ಕುಡಿಯಲಿಲ್ಲ. “ನಿನ್ನ ಚಾ ಕುಡುದ್ರೆ ನಾಳೆ ನಿನ್ನ ಮಾಲು ಪಾಸ್ ಮಾಡು ಅಂತೀಯ” ಅನ್ನುವರು. ನನ್ನನ್ನು ಮೊದಲ ದಿನದಿಂದಲೇ ‘ನೀನು’ ಅಂದರು. ನಾನು ‘ಸರ್’ ಅನ್ನುವುದು ಬಿಡಲಿಲ್ಲ. ವ್ಯಾಪಾರಸ್ಥನ ನಾಲಿಗೆ ಅಷ್ಟು ಸುಲಭಕ್ಕೆ ಸಿಟ್ಟಾಗಬಾರದು.

ಬೂದಿ ಲಾರಿ ಬಂದರೆ ಚಿಟಿಕೆ ಎತ್ತಿ ನಾಲಿಗೆಯ ಮೇಲೆ ಇಟ್ಟುಕೊಳ್ಳುವರು. ಕಣ್ಣು ಮುಚ್ಚಿ ಒಂದು ಗಳಿಗೆ ನಿಲ್ಲುವರು. ತುಪ್ಪಿ, “ಇದು ಹೊಟ್ಟು. ಇಳಿಸು” ಅನ್ನುವರು, ಇಲ್ಲವೇ “ಇದ್ರಾಗ ಕಲ್ಲಿದ್ದಲು ಬೆರೆಸ್ಯಾರ, ವಾಪಸ್ ಕಳಿಸು” ಅನ್ನುವರು. ಲಾರಿಯವನ ಮುಂದೆ, ಮಾಲು ಕೊಟ್ಟವನ ಮುಂದೆ, ಯಾರ ಮುಂದೆಯಾದರೂ ಸರಿ. ನಾನು ಹದಿನೈದು ದಿನ ಪುಸಲಾಯಿಸಿ ಹಿಡಿದ ಗಿರಣಿಯವನನ್ನು ಅರ್ಧ ನಿಮಿಷದಲ್ಲಿ ಓಡಿಸಿದ ದಿನಗಳು ಎಷ್ಟೋ.

ಅವರು ನನಗೆ ಗಂಟುಬಿದ್ದದ್ದು ಒಂದು ಪ್ಲೇಟಿಂಗ್ ಶೆಡ್ಡಿನಿಂದಾಗಿ. ಅಲ್ಲಿ ಮಷೀನಿನ ಬಿಡಿಭಾಗಗಳಿಗೆ ಕ್ರೋಮ್ ಲೇಪ ಹಾಕುತ್ತಾರೆ. ಕೆಲಸ ಮುಗಿದ ಮೇಲೆ ತೊಟ್ಟಿಯ ತಳದಲ್ಲಿ ಒಂದು ಹಳದಿ ಕೆಸರು ಉಳಿಯುತ್ತದೆ. ಅದು ವಿಷ. ಮುಟ್ಟಿದರೆ ಚರ್ಮ ಹುಣ್ಣು, ನೀರಿಗೆ ಇಳಿದರೆ ಬಾವಿಯೇ ಹಾಳು. ದೂರದ ವಿಲೇವಾರಿ ಜಾಗಕ್ಕೆ ಕಳಿಸುವ ಖರ್ಚು ಶೆಡ್ಡಿನವನಿಗೆ ಹೊರೆಯಾಗಿತ್ತು. ಲ್ಯಾಬ್ ಸರ್ ಒಂದು ದಾರಿ ಹುಡುಕಿದ್ದರು. ಆಫೀಸಿಂದ ಆಫೀಸಿಗೆ ಅಲೆದು ಅದಕ್ಕೆ ಪರ್ಮಿಶನ್ನೂ ಮಾಡಿಸಿದ್ದರು. ಬ್ಲಾಕು ಹಾಕಲು ಯಾರ್ಡು ಬೇಕಿತ್ತು, ನನ್ನ ಹತ್ತಿರ ಬಂದರು.

ದಾರಿ ಏನೆಂದರೆ, ಕಬ್ಬಿಣದ ತುಕ್ಕು ತೆಗೆಯುವ ಕಡೆ ಆಸಿಡ್ಡಿನ ಕೆಲಸ ಮುಗಿದ ಮೇಲೆ ಹಸಿರು ನೀರು ಉಳಿಯುತ್ತದೆ. ಅದೂ ಕಸ. ಅದನ್ನು ಈ ಹಳದಿ ಕೆಸರಿಗೆ ಬೆರೆಸಿದರೆ ಹಳದಿ ಸತ್ತು ಹಸಿರಾಗುತ್ತದೆ, ವಿಷದ ಹಲ್ಲು ಕಿತ್ತ ಹಾಗೆ. ಆಮೇಲೆ ಗ್ಯಾಸ್ ವೆಲ್ಡಿಂಗಿನವರು ಎಸೆಯುವ ಕಾರ್ಬೈಡ್ ಸುಣ್ಣ ಹಾಕಿದರೆ ಅದು ಗಟ್ಟಿಯಾಗಿ ತಳಕ್ಕೆ ಕೂರುತ್ತದೆ. ಮೇಲೆ ಹೊಟ್ಟಿನ ಬೂದಿ, ಸ್ವಲ್ಪ ಸಿಮೆಂಟು. ಬ್ಲಾಕು ಒಣಗಿದ ಮೇಲೆ ಒಳಗಿರುವುದು ಹೊರಗೆ ಬರುವುದಿಲ್ಲ. ಕಾಂಪೌಂಡ್ ಗೋಡೆಗೆ, ಅಂಗಳದ ಹಾಸಿಗೆ ಹಾಕಬಹುದು. ಮನೆಗೆ, ನೀರಿನ ತೊಟ್ಟಿಗೆ ಕೂಡದು. ಪರ್ಮಿಶನ್ ಕಾಗದದಲ್ಲೇ ಹಾಗಿತ್ತು.

“ಮುಳ್ಳನ್ನ ಮುಳ್ಳಿನಿಂದಾನೇ ತೆಗಿಯೋದು ಅಂದಂಗಾತಲ್ಲ ಸರ್” ಅಂದೆ.

“ಗಾದೆ ಬ್ಯಾಡ. ಅಳತೆ ಹೇಳು. ಒಂದು ಡ್ರಮ್ಮಿಗೆ ಹಸಿರು ನೀರು ಎಷ್ಟು?”

ಹೇಳಿದೆ. ತಪ್ಪಿತ್ತು. ಹತ್ತು ಸಲ ಹೇಳಿಸಿದರು, ಮಗ್ಗಿ ಹೇಳಿಸುವ ಹಾಗೆ. ನನ್ನ ಆಳುಗಳು ಕೆಲಸ ಬಿಟ್ಟು ನೋಡುತ್ತಿದ್ದರು.

ಹಸಿರು ನೀರಿಗೆ ಒಂದು ಗುಣವಿದೆ. ಡ್ರಮ್ಮಿನ ಮುಚ್ಚಳ ತೆಗೆದಿಟ್ಟರೆ ಗಾಳಿ ತಾಗಿ ಕೆಂಚಗಾಗುತ್ತದೆ. ಕೆಂಚಗಾದರೆ ಶಕ್ತಿ ಹೋಯಿತು. ಅಂಥದ್ದನ್ನು ಬೆರೆಸಿದರೆ ಬ್ಲಾಕು ನೋಡಲು ಅದೇ, ಸದ್ದು ಅದೇ, ಒಳಗೆ ಮಾತ್ರ ವಿಷ ಬದುಕಿರುತ್ತದೆ. ಅದಕ್ಕೇ ಒಂದರ ಮೇಲೊಂದು ಒಟ್ಟಿದ ಬ್ಲಾಕಿನ ಪ್ರತಿ ಅಟ್ಟಿಗೂ ಅವರ ಪರೀಕ್ಷೆ. ದೊಡ್ಡ ಲ್ಯಾಬಿಗೆ ಸ್ಯಾಂಪಲ್ ಕಳಿಸುವುದು ಬೇರೆ. ಯಾರ್ಡಿನಲ್ಲಿ ಅವರದೇ ಒಂದು ಕ್ರಮ. ಬಸ್ ಸ್ಟ್ಯಾಂಡಿನಲ್ಲಿ ನಿಂಬೆಹಣ್ಣು ಕೊಳ್ಳುವರು. ಬ್ಲಾಕಿನ ಚೂರು ಒಡೆದು ಗಾಜಿನ ಲೋಟದ ನೀರಿಗೆ ಹಾಕಿ, ಅರ್ಧ ನಿಂಬೆಹಣ್ಣು ಹಿಂಡಿ, ಮಾರನೆಯ ದಿನ ಬಿಳಿ ಕಾಗದದ ಮುಂದೆ ಹಿಡಿದು ನೋಡುವರು. ನೀರು ತಿಳಿಯಾಗಿದ್ದರೆ ಪಾಸು. ಉಳಿದ ಅರ್ಧ ನಿಂಬೆಹಣ್ಣು ಮಂಡಕ್ಕಿಗೆ. ಅಟ್ಟಿಯ ನೆರಳಲ್ಲಿ ಕೂತು ಡಬ್ಬಿ ತೆಗೆದು, ಮಂಡಕ್ಕಿಯ ಮೇಲೆ ಹಿಂಡಿಕೊಂಡು, ಒಬ್ಬರೇ ತಿನ್ನುವರು. ‘ಪಾಸು’ ಅಂತ ಬಾಯಲ್ಲಿ ಹೇಳಿದ್ದು ನಾನು ಕೇಳಿಲ್ಲ. ಮಂಡಕ್ಕಿ ತಿಂದರೆ ಪಾಸು ಅಂತ ನಾವೇ ತಿಳಿದುಕೊಳ್ಳಬೇಕು.

ಫೇಲಾದರೆ? ಮೊದಲ ವಾರವೇ ಕೇಳಿದ್ದೆ.

“ನಿಂಬೆಹಣ್ಣು ಎರಡು ಹೋಳು ಮಾಡಿ ಅಟ್ಟಿ ಮ್ಯಾಲೆ ಇಟ್ಟು ಹೋಗ್ತೀನಿ. ನೋಡಿದ್ರೆ ಆ ಅಟ್ಟಿ ಮುಟ್ಟಬ್ಯಾಡ.”

“ಬಣ್ಣ ಬಳೀರಿ ಸರ್. ಇಲ್ಲ ಸುಣ್ಣದಾಗ ಬರೀರಿ.”

“ಬರದ್ರೆ ನಿನ್ನ ಆಳಿಗೆ ಓದಾಕ ಬರಲ್ಲ. ಬಣ್ಣ ಬಳದ್ರೆ ನೀನು ತೊಳೀತೀಯ. ಕೊಯ್ದ ನಿಂಬೆಹಣ್ಣು ಇಟ್ರೆ ನಿಮ್ಮಪ್ಪನಾಣೆ ಯಾರೂ ಮುಟ್ಟಲ್ಲ.”

ನೆನಪಿಟ್ಟುಕೊಳ್ಳಿ ಈ ಮಾತನ್ನು. ದೇವರ ಮನೆಗೂ ಹೋಗದ ಮನುಷ್ಯ, ಜಾತಕ ಕೇಳಿದರೆ ಉರಿದು ಬೀಳುವ ಮನುಷ್ಯ, ಬೇರೆಯವರ ಮಾಟದ ಭಯವನ್ನು ನಂಬಿ ತಮ್ಮ ಪರೀಕ್ಷೆಯನ್ನು ಅದರ ಕೈಗೆ ಒಪ್ಪಿಸಿದರು. ನಾನು ಅವರ ಮೇಲೆ ಹೊರಿಸುವ ತಪ್ಪುಗಳಲ್ಲಿ ಇದೇ ಮೊದಲನೆಯದು.

ಮೂರು ವರ್ಷ ಒಂದು ಅಟ್ಟಿಯೂ ಫೇಲಾಗಲಿಲ್ಲ. ಆಮೇಲೆ ಮುಚ್ಚಳದ ಜಗಳ ಬಂತು.

ಯಾರ್ಡಿನ ಎದುರು ಮಿರ್ಚಿ ಗಾಡಿಯವನೊಬ್ಬ ಇದ್ದ. ಸೀಮೆಎಣ್ಣೆ ಸ್ಟೋವಿನ ಗಾಳಿಗೆ ಅಡ್ಡ ಇಡಲು ಏನಾದರೂ ತಗಡು ಕೊಡಿ ಅಂದ. ಎರಡು ಡ್ರಮ್ಮಿನ ಮುಚ್ಚಳ ಕೊಟ್ಟೆ. ಬದಲಿಗೆ ಆಳುಗಳಿಗೆ ದಿನಾ ಸಂಜೆ ಮಿರ್ಚಿ. ಡ್ರಮ್ಮಿನ ಬಾಯಿಗೆ ಗೋಣಿಚೀಲ ಕಟ್ಟಿಸಿದ್ದೆ. ನನಗೆ ಅದು ಒಳ್ಳೆಯ ವ್ಯವಹಾರವಾಗಿ ಕಂಡಿತ್ತು. ಎರಡನೇ ದಿನ ಸರ್ ಬಂದು ಗೋಣಿ ಎತ್ತಿ ನೋಡಿದರು. ನೀರು ಕೆಂಚಗಾಗಿತ್ತು. ಅದರಲ್ಲಿ ಆಗಲೇ ಸಾವಿರಗಟ್ಟಲೆ ಬ್ಲಾಕು ಹಾಕಿಯಾಗಿತ್ತು.

“ಮುಚ್ಚಳ ಎಲ್ಲಿ?”

ಹೇಳಿದೆ.

“ಮಿರ್ಚಿಗೆ ಮಾರಿದೇನು?” ಅಂದರು. “ನಿನ್ನ ಕೈಯಾಗ ಈ ಕೆಲಸ ಕೊಟ್ಟಿದ್ದು, ಕುಡುಕನ ಕೈಗೆ ಮನೆ ಕೀಲಿ ಕೊಟ್ಟಂಗಾತು.”

ಆಳುಗಳ ಎದುರಿಗೆ. ಮಿರ್ಚಿ ಗಾಡಿಯವನ ಎದುರಿಗೆ. ಆವತ್ತು ನನ್ನ ನಾಲಿಗೆಯೂ ಜಾರಿತು. “ಬರೀ ಲೋಟದಾಗ ನಿಂಬೆಹಣ್ಣು ಹಿಂಡೋರಿಗೆ ಇಷ್ಟು ಸೊಕ್ಕು ಇರಬಾರದು ಸರ್. ನೂರು ಆಳಿಗೆ ಅನ್ನ ಹಾಕೋದು ನಾನು, ನಿಮ್ಮ ಲೋಟ ಅಲ್ಲ.”

ಅವರು ಆವತ್ತಿನಿಂದ ನನ್ನ ಜೊತೆ ಮಾತು ಬಿಟ್ಟರು. ಬರುವುದು ಮಾತ್ರ ಬಿಡಲಿಲ್ಲ. ಬೆಳಿಗ್ಗೆ ಬರುವರು, ಚೂರು ಒಡೆಯುವರು, ಲೋಟ ಇಡುವರು, ಹೋಗುವರು. ನಾನು ಆಫೀಸಿನ ಕಿಟಕಿಯಿಂದ ನೋಡುವೆ. ಅವರು ಕಿಟಕಿಯ ಕಡೆ ತಿರುಗರು. ಹದಿಮೂರು ದಿನ ಹೀಗೇ.

ಆ ದಿನಗಳಲ್ಲೇ ನಿಜಲಿಂಗಪ್ಪ ಬಡಾವಣೆಯ ಗಿರಾಕಿ ಬಂದ. ಜವಳಿ ವ್ಯಾಪಾರಿ, ಒಳ್ಳೆಯ ಮನೆತನ, ಹೊಸ ಮನೆ ಕಟ್ಟಿಸುತ್ತಿದ್ದ. ಸುತ್ತ ಎತ್ತರದ ಕಾಂಪೌಂಡಿಗೆ ಬ್ಲಾಕು ಬೇಕು ಅಂದ. ಅಟ್ಟಿ ಅಟ್ಟಿ ಸುತ್ತಿ ಎರಡೆರಡು ಬ್ಲಾಕು ತಾಗಿಸಿ ಸದ್ದು ಕೇಳಿದ. ಮೂಲೆಯ ಅಟ್ಟಿಯ ಮುಂದೆ ನಿಂತು, “ಇವು ಠಣ್ ಅಂತಾವಲ್ರಿ, ಇವೇ ಇರ್ಲಿ. ನಾಳೆ ಬೆಳಗ್ಗೆ ಪಾಯ ಪೂಜೆ ಐತಿ, ಸಂಜೆಯೊಳಗ ಇಳಸ್ರಿ” ಅಂದ.

ಮಧ್ಯಾಹ್ನ ಲಾರಿ ಹಚ್ಚಿದೆವು. ಲೋಡಿಂಗಿನ ಹೆಂಗಸರ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡವ್ವ ಅನ್ನುತ್ತಿದ್ದರು. ಆಕೆ ಓಡುತ್ತಾ ಬಂದಳು.

“ಅಣ್ಣಾರೆ, ಮೂಲೆ ಅಟ್ಟಿಗೆ ಯಾರೋ ಮಾಟ ಮಾಡ್ಸ್ಯಾರ. ತುದಿಗೆ ಹತ್ತಿ ನೋಡಿದ್ರೆ ನಿಂಬೆಹಣ್ಣು ಕೊಯ್ದು ಇಟ್ಟಾರ. ನಾವು ಮುಟ್ಟಲ್ಲ.”

“ಹಂಗಾರೆ ಲೋಡು?”

“ಉಪ್ಪು ತರ್ಸ್ರಿ, ಪೊರಕೆ ತರ್ಸ್ರಿ. ನೀವಾಳಿಸಿ ಇಳೆ ತೆಗೆದು ಮೂರು ದಾರಿ ಕೂಡೋ ಕಡೆ ಎಸೆದು ಬರ್ತೀನಿ. ಆಮ್ಯಾಲೆ ತುಂಬ್ತೀವಿ.”

ಉಪ್ಪು ತರಿಸಿದೆ, ಪೊರಕೆ ತರಿಸಿದೆ. ದೊಡ್ಡವ್ವ ಕಡ್ಡಿಯಲ್ಲಿ ಎರಡು ಹೋಳನ್ನೂ ಎತ್ತಿ ಮೊರಕ್ಕೆ ಹಾಕಿಕೊಂಡು ಹೋದಳು. ಅರ್ಧ ಗಂಟೆಯಲ್ಲಿ ಲಾರಿ ಹೊರಟಿತು. ಯಾರೂ ಮುಟ್ಟುವುದಿಲ್ಲ ಅಂತ ಸರ್ ಲೆಕ್ಕ ಹಾಕಿದ್ದರು. ಭಯಕ್ಕೆ ಪರಿಹಾರವೂ ಇದೆ ಅನ್ನುವುದು ಅವರ ಲೆಕ್ಕದಲ್ಲಿ ಇರಲಿಲ್ಲ. ಅದು ನಮ್ಮ ಹೆಂಗಸರಿಗೆ ಗೊತ್ತು, ಲ್ಯಾಬಿನಲ್ಲಿ ಕಲಿಸುವುದಿಲ್ಲ.

ಮಾರನೆಯ ಬೆಳಿಗ್ಗೆ ಪೂಜೆಗೆ ನಾನೂ ಹೋದೆ. ಗಿರಾಕಿ ಕರೆದಿದ್ದ, ಮುಂದೆ ಮನೆಗೂ ಮಾಲು ಕೊಡುವ ಆಸೆ ನನಗೆ. ಹೋಗಿ ನೋಡಿದರೆ ಅಂಗಳದಲ್ಲಿ ನೀರಿನ ಸಂಪಿಗೆ ಗುಂಡಿ ತೋಡಿ ಮುಗಿದಿದೆ. ಕಟ್ಟಡಕ್ಕೆ ನೀರು ಬೇಕಲ್ಲ, ಸಂಪು ಮೊದಲು. ಅದರ ಅಂಚಿನಲ್ಲಿ ಮೇಸ್ತ್ರಿ ನನ್ನ ಬ್ಲಾಕುಗಳನ್ನೇ ಒಟ್ಟಿದ್ದಾನೆ. “ಕಾಂಪೌಂಡಿಗೆ ಕೊಟ್ಟಿದ್ದಲ್ಲೋ ಇವು?” ಅಂದೆ. “ಸಂಪಿನ ಗೋಡೆಗೂ ಇವೇ ಸಾಕು ಬಿಡ್ರಿ, ಗಟ್ಟಿ ಅದಾವ” ಅಂದ. ಬಾಯಿ ತೆರೆಯಬೇಕಿತ್ತು. ಪೂಜೆ ಮುಗಿಯಲಿ, ಗಿರಾಕಿಗೆ ನಾಜೂಕಾಗಿ ಹೇಳೋಣ ಅಂದುಕೊಂಡೆ. ಅಷ್ಟರಲ್ಲಿ ಕಣ್ಣೆತ್ತಿದರೆ ಎದುರಿಗೆ ಲ್ಯಾಬ್ ಸರ್. ಗಿರಾಕಿ ಹಿಂದೆ ಸರಸ್ವತಿ ನಗರದಲ್ಲಿ ಅವರ ಬೀದಿಯಲ್ಲೇ ಇದ್ದವನಂತೆ.

ಅಯ್ಯನವರು ಮೊದಲ ಬ್ಲಾಕನ್ನು ಹಿತ್ತಾಳೆ ಪರಾತದಲ್ಲಿ ಇಟ್ಟು ನೀರು ಹಾಕಿದ್ದರು. ಮೇಲೆ ನಿಂಬೆಹಣ್ಣು ಕೊಯ್ದು ಹಿಂಡಿ, ಕುಂಕುಮ ಹಚ್ಚಿ, ಹೂವೇರಿಸಿದ್ದರು. ಮಂತ್ರ ನಡೆದಿತ್ತು. ಮಂಗಳಾರತಿ ಹೊತ್ತಿಗೆ ಪರಾತದ ನೀರಿನಲ್ಲಿ ತೆಳ್ಳಗೆ ಹಳದಿ ಕಾಣಿಸಿತು.

“ಅರಿಶಿಣ ಚಲೋ ಬಿಟ್ಟೈತೆ ನೋಡವ್ವ, ಶುಭ” ಅಂದಳು ಗಿರಾಕಿಯ ಮುದಿ ತಾಯಿ.

ಸೊಸೆ ಪೂಜೆ ಸಾಮಾನಿನ ಚೀಲ ತಡಕಿ, “ಅತ್ತಿ, ಅರಿಶಿಣದ ಪೊಟ್ಟಣ ಇನ್ನೂ ಬಿಚ್ಚೇ ಇಲ್ಲ” ಅಂದಳು.

ಆ ಮುದುಕಿ ಅಷ್ಟರಲ್ಲಿ ನೀರಿಗೆ ಬೆರಳದ್ದಿ ಕಣ್ಣಿಗೆ ಒತ್ತಿಕೊಳ್ಳಲು ಎತ್ತಿದ್ದಳು. ಸರ್ ಹಾರಿ ಬಂದು ಆಕೆಯ ಕೈಗೆ ಹೊಡೆದರು. ಬಳೆಯ ಸದ್ದು ಎಲ್ಲರಿಗೂ ಕೇಳಿತು.

“ಕಣ್ಣಿಗೆ ಹಚ್ಚಬ್ಯಾಡವ್ವ! ಸೋಪು ಹಾಕಿ ಕೈ ತೊಳಿ. ಅದು ಅರಿಶಿಣ ಅಲ್ಲ, ವಿಷ.” ಆಮೇಲೆ ನನ್ನ ಕಡೆ ಬೆರಳು ತೋರಿಸಿದರು. “ಇವ್ನು ಮಾರ್ಯಾನ. ಫೇಲ್ ಆದ ಮಾಲು. ಇವ್ನಿಗೆ ಗೊತ್ತಿತ್ತು.”

ಇದೇ ಆ ಒಂದು ಮಾತು. ಹದಿಮೂರು ದಿನ ಬಿಟ್ಟಿದ್ದ ಮಾತನ್ನು ಅಲ್ಲಿಗೆ ಬಂದು ಆಡಿದರು.

“ಸರ್, ಯಾವ ಬಾಯಿಂದ ಹೇಳಿದ್ರಿ ಫೇಲ್ ಅಂತ?” ಅಂದೆ ನಾನು.

“ನಿಂಬೆಹಣ್ಣು ಇಟ್ಟಿದ್ದೆ.”

“ಮನುಷ್ಯರು ಬಾಯಿಲೆ ಹೇಳ್ತಾರೆ!”

“ಮನುಷ್ಯರಿಗೆ ಬಾಯಿಲೆ ಹೇಳ್ತಾರೆ” ಅಂದರು.

ಪೂಜೆ ಅಲ್ಲಿಗೇ ನಿಂತಿತು. ಯಾರೂ ನನಗೆ ಹೊಡೆಯಲಿಲ್ಲ. ಬೈಯಲೂ ಇಲ್ಲ. ಗಿರಾಕಿ ಮೆಲ್ಲಗೆ, “ನಮ್ಮ ಮೊಮ್ಮಕ್ಕಳು ಕುಡಿಯೋ ನೀರ್ರಿ ಅದು” ಅಂದ. ಅಷ್ಟೇ. ನಾನು ಚಪ್ಪಲಿ ಹುಡುಕಿಕೊಂಡು ಹೊರಬಿದ್ದೆ. ಆವತ್ತಿನ ಸಂಜೆಯೇ ಅಷ್ಟೂ ಬ್ಲಾಕು ವಾಪಸ್ ಬಂದವು. ಅದರ ಜೊತೆಗೆ ಅದೇ ಡ್ರಮ್ಮಿನ ನೀರಿನಿಂದ ಹಾಕಿದ ಬೇರೆ ಅಟ್ಟಿಗಳನ್ನೂ ಸರ್ ತಡೆದರು. ಎಲ್ಲ ಸೇರಿ ಹನ್ನೊಂದು ಸಾವಿರ.

ನಾನು ಚೌಕಾಸಿಗೆ ಇಳಿದೆ. ಅಭ್ಯಾಸ. “ಸರ್, ಅರ್ಧ ಅಂಗಳಕ್ಕೆ ಹೋಗ್ಲಿ. ಮ್ಯಾಲೆ ಸಿಮೆಂಟು ಬಳಿಯೋಣ.”

“ಕುಟ್ಟು.”

“ಕಾಲು ಭಾಗ?”

“ಕುಟ್ಟು.”

ನನ್ನ ಜೀವಮಾನದಲ್ಲಿ ಮೂರನೇ ಮಾತಿಗೂ ಇಳಿಯದ ಮನುಷ್ಯ ಅವರೊಬ್ಬರೇ. ತಲೆಗೆ ಟವೆಲ್ ಕಟ್ಟಿಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಎಲ್ಲರ ಮೂಗಿಗೂ ಬಟ್ಟೆ, ಕೈಗೆ ಗವಸು ಹಾಕಿಸಿ, ನೀರು ಚಿಮುಕಿಸಿ ಧೂಳು ಏಳದ ಹಾಗೆ ಕುಟ್ಟಿಸಿದರು. ಎರಡು ತಿಂಗಳು. ಹೊಸ ಹಸಿರು ನೀರು, ಹೊಸ ಸುಣ್ಣ, ಹೊಸ ಬೂದಿ. ಕೊನೆಗೆ ಆ ಮಾಲೆಲ್ಲ ಪ್ಲೇಟಿಂಗ್ ಶೆಡ್ಡಿನ ಸ್ಟೋರಿನ ನೆಲವಾಯಿತು, ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಸಿ. ಇವತ್ತೂ ಅಲ್ಲೇ ಇದೆ. ಲಾರಿ ಓಡಾಡಿದರೂ ಒಂದು ಬಿರುಕಿಲ್ಲ. ಕೊನೆಯ ಸ್ಯಾಂಪಲ್ ನೋಡಿದ ದಿನ ಡಬ್ಬಿ ತೆಗೆದು ಅರ್ಧ ನಿಂಬೆಹಣ್ಣು ಮಂಡಕ್ಕಿಗೆ ಹಿಂಡಿಕೊಂಡು ತಿಂದರು. ನನಗೆ ಒಂದು ಹಿಡಿ ಬೇಕಾ ಅಂತ ಕೇಳಲಿಲ್ಲ.

ಅವರು ತೀರಿಕೊಂಡಾಗ ಮನೆಗೆ ಹೋಗಿದ್ದೆ. ಹೋಗದಿದ್ದರೆ ಊರು ಮಾತಾಡುತ್ತದೆ. ಅವರ ಹೆಂಡತಿ ನನ್ನ ಗುರುತು ಹಿಡಿದರು.

“ನಿಮ್ಮ ಹೆಸರು ದಿನಾ ತೆಗೀತಿದ್ರು.”

“ಏನಂತಿದ್ರಮ್ಮ?”

“ಕಳ್ಳ ಅಂತಿದ್ರು.” ಆಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡರು. “ಮುಚ್ಚಳ ಹಾಕೋದೊಂದು ಕಲ್ತಾನ ಅಂತಿದ್ರು.”

ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ಸತ್ತ ಮೇಲೂ ಬೈಸಿಕೊಂಡು ಬಂದೆನಲ್ಲ ಅಂತ.

ಒಂದು ವಿಷಯ ಮಾತ್ರ ಇಲ್ಲಿ ಬರೆಯಲೇಬೇಕು, ಇಲ್ಲದಿದ್ದರೆ ಈ ಬರಹವೂ ಫೇಲಾದ ಮಾಲೇ. ನಿಂಬೆಹಣ್ಣಿನ ವಿಷಯ ನನಗೆ ಮರೆತೇ ಹೋಗಿತ್ತು ಅಂತ ಊರೆಲ್ಲ ಹೇಳಿಕೊಂಡು ತಿರುಗಿದೆ. ಪೂರ್ತಿ ಮರೆತಿರಲಿಲ್ಲ. ದೊಡ್ಡವ್ವ ಓಡಿ ಬಂದು ‘ಕೊಯ್ದು ಇಟ್ಟಾರ’ ಅಂದಾಗ ಸರ್ ಮೊದಲ ವಾರ ಹೇಳಿದ್ದು ಅರೆಬರೆ ನೆನಪಾಗಿತ್ತು. ಲಾರಿ ನಿಂತಿತ್ತು, ಗಿರಾಕಿ ಕಾಯುತ್ತಿದ್ದ. ಸರ್‌ಗೆ ಒಂದು ಫೋನ್ ಮಾಡಿ ಕೇಳಬಹುದಿತ್ತು. ನಾನೇ ಮೊದಲು ಮಾತಾಡಿದ ಹಾಗಾಗುತ್ತದಲ್ಲ ಅಂತ ಮಾಡಲಿಲ್ಲ. ಉಪ್ಪು ತರಿಸಿದೆ. ಅವರು ಬಾಯಿಬಿಟ್ಟು ಹೇಳದ್ದು ಹಟಕ್ಕೆ, ನಾನು ಕೇಳದ್ದೂ ಹಟಕ್ಕೆ. ಇಬ್ಬರ ಹಟದ ನಡುವೆ ಒಬ್ಬ ಮುದುಕಿಯ ಕಣ್ಣು ಹೋಗುವುದರಲ್ಲಿತ್ತು. ಅದಕ್ಕಾಗಿ ನಾನು ಅವರನ್ನು ಕ್ಷಮಿಸಿಲ್ಲ. ನನ್ನನ್ನೂ ಅಷ್ಟೇ ಅನ್ನಿ.

ಈಗ ನಿಮಗೆ ನಾಲ್ಕು ಮಾತು, ಪುಕ್ಕಟೆ. ಮನೆ ಕಟ್ಟಿಸುವವರು ಬ್ಲಾಕಿನ ಸದ್ದು ಕೇಳಿ ಮರುಳಾಗಬೇಡಿ, ವಿಷವೂ ಠಣ್ ಅನ್ನುತ್ತದೆ. ಯಾವ ಕಸದಿಂದ ಮಾಡಿದ್ದು, ಯಾವುದಕ್ಕೆ ಪರ್ಮಿಶನ್ ಇದೆ, ಕಾಗದ ತೋರಿಸಿ ಅನ್ನಿ. ತೋರಿಸದಿದ್ದರೆ ಎದ್ದು ಬನ್ನಿ. ಬೇಕಾದರೆ ಚೂರನ್ನು ನಿಂಬೆಹಣ್ಣಿನ ನೀರಿಗೆ ಹಾಕಿ ಒಂದು ದಿನ ಬಿಡಿ. ಹಳದಿಯಾದರೆ ಖಂಡಿತ ಬೇಡ, ತಿಳಿಯಾಗಿದ್ದರೂ ಲ್ಯಾಬಿನ ಕಾಗದ ಕೇಳುವುದು ಬಿಡಬೇಡಿ. ಕಾಂಪೌಂಡಿಗೆ ಅಂತ ತಂದದ್ದನ್ನು ಸಂಪಿನ ಹತ್ತಿರ ಇಳಿಸಬೇಡಿ. ಮೇಸ್ತ್ರಿಗೆ ಕೈಗೆ ಹತ್ತಿರ ಸಿಕ್ಕಿದ್ದೇ ಸರಿಯಾದ ಮಾಲು. ಯಾರ್ಡು ನಡೆಸುವವರು ಫೇಲಾದ ಅಟ್ಟಿಗೆ ಕೆಂಪು ಬಣ್ಣ ಬಳಿದು ಸುತ್ತ ತಂತಿ ಕಟ್ಟಿ. ಡ್ರಮ್ಮಿನ ಮುಚ್ಚಳಕ್ಕೆ ಸರಪಳಿ ಹಾಕಿ. ನಾನು ಹಾಕಿದ್ದೇನೆ, ಬಂದು ನೋಡಬಹುದು.

ಇನ್ನೊಂದು. ನಿಮ್ಮ ಮಾಲು ಪರೀಕ್ಷೆ ಮಾಡುವ ಮನುಷ್ಯ ಎಂಥ ಕೊಳಕು ಬಾಯಿಯವನಾದರೂ ಇರಲಿ, ಅವನ ಜೊತೆ ಮಾತು ಬಿಡಬೇಡಿ. ದಿನಕ್ಕೊಂದು ಸಲ ನೀವೇ ಹೋಗಿ “ಏನ್ರಿ ಸರ್” ಅನ್ನಿ. ಬೈದರೆ ಬೈಸಿಕೊಳ್ಳಿ. ಅವನು ಬೈಯುವುದು ನಿಲ್ಲಿಸಿದ ದಿನ ಒಂದು ಲೋಡೂ ಹೊರಗೆ ಬಿಡಬೇಡಿ.